ನಮ್ಮ ಮನೆಯ ಖಾಕಿ

ನಾನು ಬಸ್ ಕಂಡಕ್ಟರ್. ಹದಿಮೂರು ವರ್ಷಗಳಿಂದ ಖಾಕಿ ಹಾಕುತ್ತಿದ್ದೇನೆ. ನೌಕರಿಗೆಂದು ಹಾಕಿಕೊಳ್ಳುತ್ತಾಳೆ, ಮನೆಗೆ ಹೋದೊಡನೆ ತೆಗೆದು ಗೂಟಕ್ಕೆ ನೇತುಹಾಕುತ್ತಾಳೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಖರೆ ಹೇಳಬೇಕೆಂದರೆ, ರಜೆಯ ದಿನ ಸೀರೆ ಉಟ್ಟಾಗ ನನಗೆ ಯಾರದೋ ಮನೆಗೆ ಬಂದು ಕೂತ ಹಾಗಿರುತ್ತದೆ. ಮರುದಿನ ಮುಂಜಾನೆ ಖಾಕಿ ಅಂಗಿಯ ಗುಂಡಿ ಹಾಕಿ, ತೋಳನ್ನು ಎರಡು ಸಲ ಮಡಚಿಕೊಂಡ ಮೇಲೆಯೇ ಮೈ ನನ್ನದು ಅನ್ನಿಸುವುದು.

ಈ ಬಟ್ಟೆಯ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. ಅಪ್ಪನೂ ಕಂಡಕ್ಟರ್. ನಾವಿದ್ದದ್ದು ಕುಲಗೋಡದಲ್ಲಿ. ಡ್ಯೂಟಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ಅವರು ಕೂಡಲೇ ಬಟ್ಟೆ ಬದಲಿಸುತ್ತಿರಲಿಲ್ಲ. ಕಟ್ಟೆಯ ಮೇಲೆ ಹಾಗೇ ಕೂತು ಒಂದು ಕಪ್ ಚಹಾ ಕುಡಿಯುತ್ತಿದ್ದರು. ನಾನು ಹೋಗಿ ಅವರ ಎದೆಗೆ ಮುಖ ಆನಿಸುತ್ತಿದ್ದೆ. ಹೊಸದಿದ್ದಾಗ ಗೋಣಿಚೀಲದಂತೆ ಒರಟಾಗಿದ್ದ ಆ ಬಟ್ಟೆ, ಒಗೆದು ಒಗೆದು ಮೊಣಕೈ ಹತ್ತಿರ ಬೆಳ್ಳಗಾಗಿ, ಆಕಳ ಕಿವಿಯಷ್ಟು ಮೆತ್ತಗಾಗಿರುತ್ತಿತ್ತು. ಬೆವರು, ಡೀಸೆಲ್ಲು, ಅವ್ವ ಹಾಕುತ್ತಿದ್ದ ಅಕ್ಕಿಯ ಗಂಜಿ ಎಲ್ಲ ಕೂಡಿದ ಒಂದು ವಾಸನೆ. ಅವ್ವ ಆ ಅಂಗಿಗಳನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಕಾಲರನ್ನು ಬ್ರಷ್ ಹಾಕಿ ತಿಕ್ಕಿ, ಗಂಜಿ ಹಾಕಿ, ತಂತಿಯ ಮೇಲೆ ಉಲ್ಟಾ ಒಣಹಾಕುತ್ತಿದ್ದಳು, ಬಣ್ಣ ಹೋಗಬಾರದೆಂದು.

ಒಂದು ವರ್ಷ ಕಬ್ಬು ಕಡಿಯುವ ದಿನಗಳಲ್ಲಿ ಚಳಿ ಬಹಳ ಬಿತ್ತು. ನನ್ನ ಸ್ವೆಟರ್ ಹರಿದಿತ್ತು. ಅಪ್ಪನ ಹಳೆಯ ಖಾಕಿ ಅಂಗಿಯನ್ನೇ ಫ್ರಾಕಿನ ಮೇಲೆ ಹಾಕಿಕೊಂಡು ಸಾಲೆಗೆ ಹೋದೆ. ತೋಳು ನಾಲ್ಕು ಸಲ ಮಡಚಿದರೂ ಕೈ ಕಾಣುತ್ತಿರಲಿಲ್ಲ, ಅಂಗಿ ಮೊಣಕಾಲಿನ ಕೆಳಗೆ ಬರುತ್ತಿತ್ತು. ಹುಡುಗರು ನಕ್ಕರು. ಟೀಚರ್ ಬಾಯಿಯವರು ಹತ್ತಿರ ಕರೆದು ಕೇಳಿದರು, “ಯಾರದವಾ ಇದು?”

“ನಮ್ಮಪ್ಪಂದ್ರಿ. ಕಂಡಕ್ಟರ್ ಅದಾರ್ರಿ,” ಅಂದೆ.

“ಹೌದಾ, ನೀ ಅವರ ಮಗಳಾ?” ಎನ್ನುವಾಗ ಅವರ ಮುಖವೇ ಬದಲಾಯಿತು. ದಿನಾ ಅಪ್ಪನ ಬಸ್ಸಿನಲ್ಲೇ ಅವರು ಬಂದು ಹೋಗುತ್ತಿದ್ದದ್ದು. ಅವತ್ತಿನಿಂದ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ಏಳೋ ಎಂಟೋ ವರ್ಷದವಳು. ಇಂಥ ಬಟ್ಟೆ ಮೈಮೇಲಿದ್ದರೆ ಗೊತ್ತಿಲ್ಲದವರೂ ನಮ್ಮವರಾಗುತ್ತಾರೆ ಎಂದು ನನಗೆ ಆಗ ಅನ್ನಿಸಿದ್ದು ಬಹಳ ದಿನ ಹಾಗೇ ಉಳಿಯಿತು.

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡರು. ಮುಂಜಾನೆಯ ಮೊದಲ ಟ್ರಿಪ್ಪು ಮುಗಿಸಿ ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ತಂಗಿಗೆ ಹನ್ನೊಂದು ವರ್ಷ. ಗಂಡುಮಕ್ಕಳಿಲ್ಲದ ಮನೆ. ಅನುಕಂಪದ ಮೇಲೆ ಮಕ್ಕಳಿಗೆ ನೌಕರಿ ಕೊಡುತ್ತಾರೆ ಎಂದು ಡಿಪೋದವರು ಬಂದು ಹೇಳಿದಾಗ ಅಪ್ಪನ ತಮ್ಮ, ನಮ್ಮ ಕಾಕಾ, ಒಪ್ಪಲಿಲ್ಲ.

“ವಯಸ್ಸಿಗೆ ಬಂದ ಹುಡುಗಿ ಗಂಡಸರ ನಡುವ ನಿಂತು ಸೀಟಿ ಊದೂದಾ? ನಮ್ಮ ಮನಿತನದಾಗ ಯಾರರ ಮಾಡ್ಯಾರೇನು?” ಎಂದು ಹಾರಾಡಿದರು.

ಅವ್ವ ಒಳಗಿನ ಬಾಗಿಲಿಗೆ ಆನಿಕೊಂಡು ಕೂತಿದ್ದಳು. ಅಲ್ಲಿಂದಲೇ ಅಂದಳು: “ಊದತಾಳ. ಈ ಮನಿಗೆ ಅನ್ನ ಹಾಕಿದ್ದು ಖಾಕಿ. ಅದನ್ನ ಹಾಕ್ಕೊಳಾಕ ನನ್ನ ಮಗಳು ನಾಚೂದಿಲ್ಲ.”

ಇದನ್ನು ಅವಳು ಎಲ್ಲರೆದುರಿಗೆ ಹೇಳಿದಳು. ನನ್ನ ಕಿವಿಯಿಂದ ಕೇಳಿದ್ದೇನೆ.

ತರಬೇತಿ ಮುಗಿದು ನೌಕರಿ ಸಿಕ್ಕಮೇಲೆ ನಾವು ಮೂವರೂ ಗೋಕಾಕದಲ್ಲಿ ಎರಡು ಖೋಲಿಯ ಬಾಡಿಗೆ ಮನೆಗೆ ಬಂದೆವು. ನನಗೆ ಗೋಕಾಕ–ಮೂಡಲಗಿ ರೂಟು ಕೊಟ್ಟರು. ಮೊದಲು ಹೊಲಿಸಿಕೊಂಡ ಸಮವಸ್ತ್ರ ಟೆರಿಕಾಟಿನದು. ಬೇಸಿಗೆಯಲ್ಲಿ ತುಂಬಿದ ಬಸ್ಸಿನೊಳಗೆ ಅದು ಮೈಗೆ ಅಂಟಿಕೊಂಡು ಉಸಿರು ಕಟ್ಟುತ್ತಿತ್ತು. ಬೆನ್ನಿಗೆ, ಕುತ್ತಿಗೆಗೆ ಕೆಂಪು ಗುಳ್ಳೆ ಎದ್ದವು. ವೇಷ ಹಾಕಿಕೊಂಡು ನಿಂತವಳಂತೆ ನನಗೇ ನನ್ನ ಮೇಲೆ ನಾಚಿಕೆ. ಟಿಕೆಟ್ ಕೇಳುವಾಗ ದನಿ ಗಂಟಲಿನಿಂದ ಹೊರಗೆ ಬರುತ್ತಿರಲಿಲ್ಲ. ಒಂದು ತಿಂಗಳಲ್ಲಿ ನೌಕರಿ ಬಿಟ್ಟುಬಿಡಬೇಕೆನ್ನುವಷ್ಟಾಗಿತ್ತು.

ಅಪ್ಪನ ಅಂಗಿಗಳನ್ನು ಹೊಲಿಯುತ್ತಿದ್ದ ಟೇಲರ್ ಚಾಚಾ ಗೋಕಾಕದ ಹಳೆಯ ಪೇಟೆಯಲ್ಲಿದ್ದರು. ಗುಂಡಿ ಹರಿದದ್ದನ್ನು ಹಚ್ಚಿಸಿಕೊಳ್ಳಲೆಂದು ಹೋದವಳ ಕೈಯಿಂದ ಅಂಗಿ ತೆಗೆದುಕೊಂಡು, ಬೆರಳಲ್ಲಿ ತಿಕ್ಕಿ ನೋಡಿ ಮೇಜಿನ ಮೇಲೆ ಒಗೆದರು.

“ಇದೇನ್ ಬಟ್ಟಿನಾ ಬೇಟಿ? ಪ್ಲಾಸ್ಟಿಕ್. ನಿಮ್ಮಪ್ಪಾರು ಅಚ್ಚ ಹತ್ತಿದು ಬಿಟ್ಟರ ಬ್ಯಾರೆ ಮುಟ್ಟತಿರಲಿಲ್ಲ. ನಡಿ, ನಾ ತೋರಸ್ತೇನಿ.”

ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನ ಜೊತೆ ಪೇಟೆಗೆ ಬಂದರು. ಮೂರನೆಯ ಅಂಗಡಿಯಲ್ಲಿ ಮೇಲಿನ ಹಲಗೆಯಿಂದ ಬಟ್ಟೆಯ ಒಂದು ದಪ್ಪ ಸುರುಳಿ ಇಳಿಸಿದರು. ಹತ್ತಿಯ ಖಾಕಿ. ಧೂಳು ಹೊಡೆದು ಬಿಚ್ಚಿದಾಗ ಬಂದ ವಾಸನೆಗೆ ನನಗೆ ಅಂಗಡಿಯಲ್ಲೇ ಕಣ್ಣು ತುಂಬಿತು. ಚಾಚಾ ಅತ್ತ ತಿರುಗಿ ಅಂಗಡಿಯವನ ಜೊತೆ ಸುಮ್ಮನೆ ಏನೋ ಮಾತಾಡುತ್ತ ನಿಂತರು. ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತದೆಂದು ಅದನ್ನು ಒಂದು ದಿನ ನೀರಲ್ಲಿ ನೆನೆಸಿಟ್ಟರು. ಆಮೇಲೆ ಅವರ ಹೆಂಡತಿ ನನ್ನ ಅಳತೆ ತೆಗೆದುಕೊಂಡರು. ಹೆಣ್ಣುಮಕ್ಕಳ ಅಂಗಿಗೆ ಯಾರೂ ಇಡದ ದೊಡ್ಡ ಜೇಬು ಎರಡು, ಒಳಗೆ ಇನ್ನೊಂದು.

ಆ ಅಂಗಿ ಹಾಕಿಕೊಂಡು ಬಸ್ ಹತ್ತಿದ ದಿನ ನನ್ನ ದನಿ ತಾನೇ ಬಂತು. ಬೆವರು ಬಂದರೆ ಬಟ್ಟೆ ಹೀರಿಕೊಳ್ಳುತ್ತಿತ್ತು, ಕಿಟಕಿಯ ಗಾಳಿ ಬೀಸಿದರೆ ಬೆನ್ನು ತಣ್ಣಗಾಗುತ್ತಿತ್ತು. ಸಂತೆಯ ದಿನ ಮೂಡಲಗಿಯಲ್ಲಿ ಜನ, ಕೋಳಿ, ಕಾಯಿಪಲ್ಲೆಯ ಚೀಲ ಎಲ್ಲ ಒಟ್ಟಿಗೆ ನುಗ್ಗುವಾಗ ಆ ದಪ್ಪ ಬಟ್ಟೆ ಮೈಗೆ ಒಂದು ಗೋಡೆಯಂತಿರುತ್ತಿತ್ತು. ಸಲುಗೆ ತೋರಿಸಲು ಬಂದ ಕೈಗಳು ಖಾಕಿ ನೋಡಿ ಹಿಂದೆ ಸರಿಯುತ್ತಿದ್ದವು. ಹೆಣ್ಣುಮಕ್ಕಳು ನನ್ನನ್ನು ಕಂಡರೆ ಮನಸ್ಸು ಬಿಚ್ಚುತ್ತಿದ್ದರು. ಸೊಸೆಯ ಮೇಲಿನ ದೂರು, ದವಾಖಾನೆಯ ಚೀಟಿ, ತವರಿಗೆ ಹೊರಟ ಸಂಭ್ರಮ ಎಲ್ಲ ನನ್ನ ಸೀಟಿನ ಪಕ್ಕ ಬಂದು ಬೀಳುತ್ತಿತ್ತು. ಡ್ರೈವರ್ ಅಣ್ಣನವರು ಅಪ್ಪನ ಜೊತೆಯೂ ಕೆಲಸ ಮಾಡಿದವರು. ಅವರೊಮ್ಮೆ ಕನ್ನಡಿಯಲ್ಲಿ ನನ್ನನ್ನು ನೋಡಿ, “ಅವರ ನಿಂತಂಗ ನಿಂತೀಯಲ್ಲವಾ ತಂಗಿ,” ಅಂದರು. ಅದಕ್ಕಿಂತ ದೊಡ್ಡ ಮಾತು ನನಗೆ ಯಾರೂ ಹೇಳಿಲ್ಲ.

ನನಗೂ ಎರಡು ಕಡೆಯಿಂದ ಗಂಡು ಬಂದವು. ಒಬ್ಬರು ನೌಕರಿ ಬಿಡಬೇಕೆಂದರು. ಇನ್ನೊಬ್ಬರು, “ನೌಕರಿ ಇರಲಿ ಬೇಕಾದ್ರ, ಆ ಡ್ರೆಸ್ ಬ್ಯಾಡ್ರಿ,” ಅಂದರು. ಡ್ರೆಸ್ಸು ಬಿಟ್ಟು ಕಂಡಕ್ಟರ್ ಹೇಗಾಗುವುದೋ ಅವರಿಗೇ ಗೊತ್ತು. ನಾನು ಒಲ್ಲೆ ಅಂದೆ. ಮೂರನೆಯವರು ಬರಲಿಲ್ಲ, ನಾವೂ ಹುಡುಕಲಿಲ್ಲ. ತಂಗಿ ಇನ್ನೂ ಓದುತ್ತಿದ್ದಳು. ಅವಳದು ಒಂದು ದಡ ಮುಟ್ಟಲಿ ಅನ್ನುವುದೇ ನನ್ನ ತಲೆಯಲ್ಲಿದ್ದದ್ದು.

ತಂಗಿಗೆ ನಾನೆಂದರೆ ಪ್ರಾಣ, ಆಗ. ನನ್ನ ಖಾಕಿಗೆ ಇಸ್ತ್ರಿ ಮಾಡುತ್ತಿದ್ದದ್ದು ಅವಳೇ. ಗೆಳತಿಯ ಮನೆಗೆಂದು ಮೂಡಲಗಿಗೆ ಹೋಗುವ ದಿನ ಬೇರೆ ಬಸ್ಸು ಖಾಲಿ ನಿಂತಿದ್ದರೂ ಹತ್ತುತ್ತಿರಲಿಲ್ಲ. “ನಮ್ಮಕ್ಕನ ಬಸ್ ಬರತೈತಿ,” ಎಂದು ಬಿಸಿಲಲ್ಲಿ ನಿಲ್ಲುತ್ತಿದ್ದಳು. ಗೆಳತಿಯರಿಗೆ ನನ್ನನ್ನು ತೋರಿಸಿ ಸೀಟಿ ಊದಲು ಹೇಳುತ್ತಿದ್ದಳು. ಅವಳ ಆಧಾರ್ ಕಾರ್ಡಿಗೆ ನಾನು ಒಂದು ದಿನ ರಜೆ ಹಾಕಿ ಸರದಿಯಲ್ಲಿ ನಿಂತಿದ್ದೆ. ಫೋಟೋ ಚೆನ್ನಾಗಿ ಬರಲಿಲ್ಲವೆಂದು ದಾರಿಯುದ್ದಕ್ಕೂ ಅತ್ತಿದ್ದಳು.

ಹುಕ್ಕೇರಿಯಿಂದ ಸಂಬಂಧ ಬಂತು. ಅವರದು ಬೀಜ-ಗೊಬ್ಬರದ ಅಂಗಡಿ, ಊರಲ್ಲಿ ಹೆಸರಿರುವ ಮನೆತನ. ಹುಡುಗ ಓದಿದವನು, ಮಾತು ಮೆತ್ತಗೆ. ನೋಡಲು ಬರುವ ದಿನ ಭಾನುವಾರ, ನನಗೆ ರಜೆ. ಮುಂಜಾನೆ ಎರಡು ಜೊತೆ ಖಾಕಿ ಒಗೆದು ಅಂಗಳದ ತಂತಿಯ ಮೇಲೆ ಹಾಕಿ ಹಾಲಿಗೆ ಹೋಗಿದ್ದೆ. ವಾಪಸ್ ಬಂದರೆ ತಂತಿ ಖಾಲಿ.

“ಬಟ್ಟಿ ಎಲ್ಲಿ ಹೋದುವು?” ಎಂದು ತಂಗಿಯನ್ನು ಕೇಳಿದೆ.

“ಅವ್ವ ತೆಗದಾಳ,” ಅಂದಳು. ಕಾಡಿಗೆ ಹಚ್ಚಿಕೊಳ್ಳುತ್ತಿದ್ದವಳು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

ಹಸಿ ಬಟ್ಟೆಯನ್ನು ಹಾಗೇ ಒಂದು ಚೀಲದಲ್ಲಿ ತುರುಕಿ ಮಂಚದ ಕೆಳಗೆ ದೂಡಿದ್ದರು. ಬೀಗರು ಬರುವ ಹೊತ್ತಿಗೆ ಅಂಗಳದಲ್ಲಿ ಬಟ್ಟೆ ಚೆಂದ ಕಾಣುವುದಿಲ್ಲವೆಂದು ಹೀಗೆ ಮಾಡಿರಬೇಕೆಂದು ಸುಮ್ಮನಾದೆ. ಅವರು ಬಂದರು, ಅವಲಕ್ಕಿ, ಚಹಾ ಆಯಿತು. ಹುಡುಗನ ತಾಯಿ ನನ್ನ ಕಡೆ ನೋಡಿ, “ಇವರು ಹಿರೇ ಮಗಳೇನ್ರಿ? ಏನ್ ಮಾಡ್ತಾರ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು, “ಆಫೀಸ್‌ನ್ಯಾಗ ಅದಾಳ್ರಿ. ಇಲ್ಲೇ, ಗೋಕಾಕದಾಗ.”

ತಂಗಿ ನೆಲ ನೋಡುತ್ತಿದ್ದಳು. ನಾನು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅವರು ಹೋದಮೇಲೆ ಕೇಳಿದ್ದಕ್ಕೆ ಅವ್ವ, “ಡಿಪೋನೂ ಆಫೀಸೇ ಅಲ್ಲೇನು? ಮುಂದ ತಿಳೀತೈತಿ ಬಿಡು,” ಅಂದಳು. ತಂಗಿ ಕುತ್ತಿಗೆಗೆ ಜೋತುಬಿದ್ದು, “ಮದುವಿ ಒಂದ ಆಗಲೆಕ್ಕಾ, ನಾನ ಹೇಳ್ತೇನಿ ಅವರಿಗೆ. ಆಣೆ,” ಅಂದಳು. ನಾನು ನಂಬಿದೆ. ಮಂಚದ ಕೆಳಗಿನ ಚೀಲ ಎಳೆದು ನೋಡಿದಾಗ ಖಾಕಿ ಮುಗ್ಗು ಹಿಡಿದಿತ್ತು. ಮತ್ತೆ ಒಗೆದೆ.

ಮದುವೆಗೆ ಡಿಪೋದವರನ್ನು ಯಾರನ್ನೂ ಕರೆಯಬೇಡ ಎಂದು ಅವ್ವ ಹೇಳಿದಳು. ಅದನ್ನೂ ನಡೆಸಿಕೊಟ್ಟೆ. ಡ್ರೈವರ್ ಅಣ್ಣನವರು, “ಏನವಾ, ತಂಗಿ ಲಗ್ನದ ಕಾರ್ಡ ಕೊಡಲಿಲ್ಲಲ್ಲ?” ಎಂದು ನಕ್ಕು ಕೇಳಿದರು. “ಮನಿ ಮಟ್ಟಿಗೆ ಮಾಡಾಕತ್ತೇವ್ರಿ ಅಣ್ಣಾ,” ಅಂದೆ. ಮದುವೆ ಆದದ್ದು ಗೋಕಾಕದ ದೊಡ್ಡ ಮಂಗಲ ಕಾರ್ಯಾಲಯದಲ್ಲಿ, ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲೇ. ಅವರು ಅದರ ಮುಂದಿನಿಂದಲೇ ಬಸ್ ನಡೆಸಿಕೊಂಡು ಹೋಗಿರುತ್ತಾರೆ. ಈ ತಪ್ಪು ನನ್ನದೇ, ಅದನ್ನು ಯಾರ ಮೇಲೂ ಹಾಕಲಾರೆ.

ದೀಪಾವಳಿ ಆದಮೇಲೆ ರೂಟು ಬದಲಾದವು. ನನಗೆ ಗೋಕಾಕ–ಹುಕ್ಕೇರಿ ಬಂತು. ಅವ್ವ ಗಾಬರಿಯಾದಳು.

“ಸಾಹೇಬರಿಗೆ ಹೇಳಿ ಬದಲಿ ಮಾಡಿಸ್ಕೊ. ಆ ರೂಟ್ ಬ್ಯಾಡ.”

“ಯಾಕವ್ವಾ? ತಂಗಿ ಊರು. ವಾರಕ್ಕೊಮ್ಮೆರ ಮುಖ ಕಾಣತೈತಿ,” ಅಂದೆ.

ಅಷ್ಟರಲ್ಲಿ ತಂಗಿ ಗಂಡನ ಮನೆಯಲ್ಲಿ ನನ್ನ ವಿಷಯ ಹೇಳಿರುತ್ತಾಳೆಂದೇ ನಾನು ತಿಳಿದಿದ್ದೆ. ಫೋನಿನಲ್ಲಿ ಕೇಳಿದಾಗ, “ಹೂಂ ಅಕ್ಕಾ, ಹೇಳ್ತೇನಿ,” ಅನ್ನುತ್ತಿದ್ದಳು. ಹೇಳಿದೆ ಅನ್ನಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಜನವರಿಯ ಒಂದು ಮುಂಜಾನೆ. ಹುಕ್ಕೇರಿ ಸ್ಟ್ಯಾಂಡಿನಲ್ಲಿ ಬಸ್ ತುಂಬಿ ಹೊರಡುವ ಹೊತ್ತಿಗೆ ಮೂರು ಜನ ಹೆಣ್ಣುಮಕ್ಕಳು ಅವಸರದಿಂದ ಹತ್ತಿದರು. ತಂಗಿ, ಅವಳ ಅತ್ತೆ, ಮತ್ತು ಆ ಮನೆಯ ಹಿರಿಯ ಸೊಸೆ. ಘಟಪ್ರಭೆಯಲ್ಲಿ ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದರು. ತಂಗಿ ಹಸಿರು ರೇಷ್ಮೆ ಉಟ್ಟಿದ್ದಳು, ಸ್ವಲ್ಪ ಮೈ ತುಂಬಿಕೊಂಡಿದ್ದಳು. ಅವಳನ್ನು ನೋಡಿ ಎರಡು ತಿಂಗಳಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಹಿಂದಿನ ಸೀಟಿನವರ ಟಿಕೆಟನ್ನು ಎರಡು ಸಲ ಹೊಡೆದೆ. ಚಳಿಗೆ ಕಿವಿ ಮುಚ್ಚಿ ಸ್ಕಾರ್ಫ್ ಸುತ್ತಿಕೊಂಡಿದ್ದೆ. ಅದನ್ನು ಗದ್ದದ ಕೆಳಗೆ ಸರಿಸಿಕೊಂಡು, ಸಾಲುಸಾಲಾಗಿ ಮುಂದೆ ಬಂದೆ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದಮೇಲೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಕಾರ್ಡು ನೋಡಿ ಟಿಕೆಟ್ ಕೊಡುತ್ತೇವೆ. ಅತ್ತೆ ಮೂರು ಕಾರ್ಡುಗಳನ್ನು ಒಟ್ಟಿಗೆ ಚಾಚಿದರು. “ಮೂರ ಘಟಪ್ರಭಾ ಕೊಡ ತಂಗಿ.”

ಮೂರನೆಯ ಕಾರ್ಡು ನನ್ನ ತಂಗಿಯದು. ಇನ್ನೂ ಬದಲಿಸಿರಲಿಲ್ಲ. ಅದೇ ಕೆಟ್ಟ ಫೋಟೋ. ಕೆಳಗೆ ನಮ್ಮಪ್ಪನ ಹೆಸರು. ಹಿಂದೆ ನಮ್ಮ ಬಾಡಿಗೆ ಮನೆಯ ವಿಳಾಸ. ಅದನ್ನು ಹಿಡಿದುಕೊಂಡು ನಾನು ಅವಳನ್ನು ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನೋಡಿಲ್ಲವೇನೋ ಅಂದುಕೊಂಡು ನಾನು ನಗುತ್ತಲೇ ಕೇಳಿದೆ, “ಇದು ಯಾರದು?”

ಅವಳು ತಿರುಗಿದಳು. ಕಣ್ಣಿಗೆ ಕಣ್ಣು ಕೂಡಿತು. ನನ್ನ ಅಂಗಿಯ ಮೊದಲ ಗುಂಡಿಯ ಹತ್ತಿರ ನೋಟ ಇಳಿಸಿ ಹೇಳಿದಳು, “ನಂದ್ರಿ.”

ರಿ. ನನ್ನ ತಂಗಿ, ನನಗೆ.

ಅತ್ತೆ ತಲೆ ಎತ್ತಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ನಿಮ್ಮನ್ನ ಎಲ್ಲೋ ನೋಡಿದಂಗ ಐತೆಲ್ಲವಾ,” ಅಂದರು.

ಉತ್ತರ ತಂಗಿ ಕೊಡಬೇಕಾಗಿತ್ತು. ಕೊಟ್ಟಳು.

“ಬಸ್ನ್ಯಾಗ ನೋಡಿರಬೇಕ್ರಿ ಅತ್ತಿ. ಕಂಡಕ್ಟರ್ ಹೆಣ್ಮಕ್ಕಳು ಎಲ್ಲಾರೂ ಒಂದ ಥರಾನ ಕಾಣತಾರ.”

ಮಶೀನಿನಿಂದ ಮೂರು ಟಿಕೆಟ್ ಬಂದವು. ಹರಿದು ಕೊಟ್ಟೆ. ಕಾರ್ಡು ಕೊಟ್ಟೆ. ಮುಂದಿನ ಸೀಟಿಗೆ ಹೋಗಿ “ಎಲ್ಲಿಗ್ರಿ?” ಎಂದು ಕೇಳಿದೆ. ಘಟಪ್ರಭೆಯವರೆಗೂ ನಾನು ಹಿಂದಿನ ಬಾಗಿಲ ಹತ್ತಿರವೇ ನಿಂತೆ. ಮೈಮೇಲಿನ ಬಟ್ಟೆಯ ಒಂದೊಂದು ಹೊಲಿಗೆಯೂ ಚುಚ್ಚುತ್ತಿದ್ದಂತಿತ್ತು. ಅಷ್ಟು ವರ್ಷ ನನ್ನನ್ನು ಕಾಪಾಡಿದ ಆ ದಪ್ಪ ಖಾಕಿಯೊಳಗೆ ನಾನು ಬತ್ತಲೆ ನಿಂತ ಹಾಗೆ ಅನ್ನಿಸಿತು.

ಘಟಪ್ರಭೆಯಲ್ಲಿ ಇಳಿಯುವಾಗ ತಂಗಿಯ ಸೀರೆ ಮೆಟ್ಟಿಲಿಗೆ ತೊಡರಿತು. ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಅವಳ ತೋಳು ಹಿಡಿಯಿತು. ಅವಳು ಒಂದು ಕ್ಷಣ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಬಟ್ಟೆ ಮುದುಡುವಷ್ಟು. ಕೆಳಗೆ ಕಾಲಿಟ್ಟೊಡನೆ ಬಿಟ್ಟಳು. ಹಿಂದಿರುಗಿ ನೋಡಲಿಲ್ಲ. ನಾನು ಸೀಟಿ ಊದಿದೆ.

ಮನೆಗೆ ಹೋಗಿ ಅವ್ವನಿಗೆ ಹೇಳುವಾಗ ನನಗೆ ಸಿಟ್ಟಿಗಿಂತ ಅಳು ಹೆಚ್ಚಾಗಿತ್ತು. ಅವ್ವನೂ ಅಳುತ್ತಾಳೆ, ಫೋನ್ ಮಾಡಿ ಅವಳನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನಾನ ಹೇಳಿದ್ದೆ ಆಕಿಗೆ. ಬಸ್ನ್ಯಾಗ ಕಂಡ್ರ ಮಾತಾಡಸಬ್ಯಾಡ ಅಂತ.”

ನನಗೆ ಕೇಳಿದ್ದು ತಿಳಿಯಲಿಲ್ಲ. “ಏನಂದಿ?”

“ಮತ್ತೇನ ಮಾಡಬೇಕಾಗಿತ್ತವಾ? ದೊಡ್ಡ ಮನಿತನ. ಅಕ್ಕ ಬಸ್ನ್ಯಾಗ ಟಿಕೀಟ ಹರೀತಾಳ ಅಂದ್ರ ನಾಳೆ ಆಕಿನ್ನ ಚುಚ್ಚಿ ಮಾತಾಡಾಂಗಿಲ್ಲೇನು? ನಿನಗೇನ ಕಡಿಮಿ ಆತು? ನಿನ್ನ ನೌಕರಿ ನಿನಗೈತಿ.”

“ಅಪ್ಪನ ಖಾಕಿಗೆ ಗಂಜಿ ಹಾಕಿದಾಕಿ ನೀನ ಅಲ್ಲೇನ?”

“ಅವರು ಗಂಡಸು,” ಅಂದಳು ಅವ್ವ. ಇಷ್ಟು ವರ್ಷ ಅವಳ ಮನಸ್ಸಿನಲ್ಲಿ ಇದೇ ಇತ್ತೋ, ನಡುವೆ ಯಾವಾಗಲೋ ಹೊಕ್ಕಿತೋ ಗೊತ್ತಿಲ್ಲ. ಕಾಕಾನ ಎದುರಿಗೆ ಬಾಗಿಲಿಗೆ ಆನಿಕೊಂಡು ಕೂತು ಮಾತಾಡಿದ ಅವ್ವನನ್ನು ನಾನು ಅವಳ ಮುಖದಲ್ಲಿ ಹುಡುಕಿದೆ. ಸಿಗಲಿಲ್ಲ. ಮೆಂತ್ಯದ ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ಹೊರಗೆ ಹಾಕಿ ಬಂದಳು.

ಆಮೇಲಿನ ಕೆಲವು ವಾರ ನನಗೆ ಖಾಕಿ ಬರೀ ಬಟ್ಟೆಯಾಗಿತ್ತು. ಹಾಕಿಕೊಂಡರೆ ಭಾರ, ತೆಗೆದರೆ ಇನ್ನೂ ಭಾರ. ಡ್ಯೂಟಿ ಮುಗಿದೊಡನೆ ಸ್ಟ್ಯಾಂಡಿನ ವಿಶ್ರಾಂತಿ ಕೋಣೆಯಲ್ಲಿ ಸೀರೆ ಉಟ್ಟುಕೊಂಡು ಮನೆಗೆ ಹೋಗತೊಡಗಿದೆ. ಓಣಿಯವರು, “ಏನ್ರಿ ಅಕ್ಕಾರ, ಈಗೀಗ ಡ್ರೆಸ್ನ್ಯಾಗ ಕಾಣವಲ್ರಿ,” ಎಂದು ಕೇಳಿದರು. ನಕ್ಕು ಮುಂದೆ ನಡೆದೆ. ಅವ್ವ, ತಂಗಿ ಇಬ್ಬರೂ ಬಯಸಿದ್ದನ್ನೇ ನಾನು ಮಾಡುತ್ತಿದ್ದೇನೆ ಎಂದು ಒಂದು ದಿನ ಸೀರೆಯ ನೆರಿಗೆ ಹಿಡಿಯುವಾಗ ಹೊಳೆಯಿತು. ನೆರಿಗೆ ಬಿಟ್ಟು, ಖಾಕಿಯನ್ನೇ ಮತ್ತೆ ಹಾಕಿಕೊಂಡು ಹೊರಟೆ. ಆದರೆ ಮೊದಲಿನ ಸುಖ ಬರಲಿಲ್ಲ. ಹಟದಿಂದ ಹಾಕಿಕೊಂಡ ಬಟ್ಟೆ ಅದು, ಅಷ್ಟೇ.

ಹೋಳಿ ಹುಣ್ಣಿಮೆಯ ಆಸುಪಾಸು. ಮಧ್ಯಾಹ್ನದ ಟ್ರಿಪ್ಪು, ಬಸ್ಸು ಅರ್ಧ ಖಾಲಿ. ತಂಗಿಯ ಅತ್ತೆ ಒಬ್ಬರೇ ಹುಕ್ಕೇರಿಯಲ್ಲಿ ಹತ್ತಿದರು. ಹಿಂದೆ ಜಾಗವಿದ್ದರೂ ಬಂದು ನನ್ನ ಸೀಟಿನ ಪಕ್ಕವೇ ಕೂತರು. ಕಾರ್ಡು ಕೊಟ್ಟರು, ಟಿಕೆಟ್ ಕೊಟ್ಟೆ. ಊರು ದಾಟಿದ ಮೇಲೆ ಮೆಲ್ಲಗೆ ಅಂದರು:

“ನೀವು ನಮ್ಮ ಸಣ್ಣ ಸೊಸಿ ಅಕ್ಕಾರಲ್ಲೇನ್ರಿ?”

ಎಣಿಸುತ್ತಿದ್ದ ಚಿಲ್ಲರೆಯನ್ನು ಚೀಲಕ್ಕೆ ಹಾಕಿದೆ. ಹೌದೆಂದರೆ ತಂಗಿಗೆ ಏನಾಗುತ್ತದೋ ಎಂಬ ಹೆದರಿಕೆ ಆಗಲೂ ಮೊದಲು ಬಂತು. ಅವರೇ ಮುಂದುವರಿಸಿದರು.

“ಹೆದರಬ್ಯಾಡ್ರಿ. ಮದುವಿಗಿಂತ ಮೊದಲ ಗೊತ್ತಿತ್ತು ನಮಗ. ವಿಚಾರ ಮಾಡದ ಯಾರರ ಹೆಣ್ಣ ತರ್ತಾರೇನ್ರಿ? ತಂದಿ ಸತ್ತಮ್ಯಾಲೆ ಅಕ್ಕ ಕಂಡಕ್ಟರ್ ಆಗಿ ಮನಿ ನಡಸ್ಯಾಳ ಅಂತ ಹೇಳಿದ್ರು. ನಮ್ಮ ಮನಿಯವರು ಅದನ್ನ ಕೇಳೇ ಹೂಂ ಅಂದದ್ದು.”

“ಮತ್ತ ಆಫೀಸ್ ಅಂದಾಗ ಸುಮ್ಮನಿದ್ರಲ್ರಿ?”

“ನಿಮ್ಮ ಅವ್ವಾರು ಹಂಗಂದ್ರು. ಮೊದಲನೇ ಸಲ ಹೋದ ಮನ್ಯಾಗ ಸುಳ್ಳ ಅಂತ ಹ್ಯಾಂಗ ಅನ್ನಾಕ ಬರತೈತ್ರಿ? ಆಮ್ಯಾಲೆ ಆಕಿನ ಹೇಳ್ತಾಳ ಅಂತ ಕಾದ್ವಿ. ಅವತ್ತ ಬಸ್ನ್ಯಾಗ ನಾ ಮುದ್ದಾಂ, ಬೇಕಂತನ ಮಾತ ತೆಗದೆ. ಎಲ್ಲೋ ನೋಡಿದಂಗ ಐತಿ ಅಂತ. ಈಗರ ಬಾಯಿ ಬಿಡತಾಳೇನೋ ಅಂತ.” ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ನನಗ ಅವತ್ತಿಂದ ಊಟ ಸರಿ ಹೋಗಿಲ್ರಿ. ಸ್ವಂತ ಅಕ್ಕನ್ನ ಹಂಗ ಅಂದಾಕಿ ನಾಳೆ ನನ್ನ ಏನಂದಾಳು?”

ಅಲ್ಲಿಯವರೆಗೆ ನನಗೊಂದು ಸಮಾಧಾನವಿತ್ತು. ದೊಡ್ಡವರ ಮನೆ, ಹೆದರಿದ್ದಾಳೆ, ಅವಳ ಸಂಸಾರ ಉಳಿಯಲೆಂದು ಹಾಗೆ ಮಾಡಿದ್ದಾಳೆ ಎಂದು ಹೇಳಿಕೊಂಡು ದಿನ ದೂಡುತ್ತಿದ್ದೆ. ಆ ಸಮಾಧಾನವನ್ನೂ ಆ ಹೆಣ್ಣುಮಗಳು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕಿತ್ತುಕೊಂಡರು. ಯಾರೂ ಕೇಳಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ನನ್ನನ್ನು ಯಾರ ಕಣ್ಣಿನಿಂದ ಮುಚ್ಚಿಟ್ಟರೋ ಅವರು ನನ್ನನ್ನು ಮೊದಲೇ ನೋಡಿದ್ದರು, ಒಪ್ಪಿದ್ದರು. ನನ್ನ ಬಟ್ಟೆಯ ಬಗ್ಗೆ ನಾಚಿದವರು ನನ್ನ ಮನೆಯವರಿಬ್ಬರೇ.

ಪಂಚಮಿಗೆ ತಂಗಿ ತವರಿಗೆ ಬಂದಳು. ಅವ್ವ ಉಂಡಿ ಕಟ್ಟುತ್ತಿದ್ದಳು. ನಾನು ಡ್ಯೂಟಿ ಮುಗಿಸಿ ಬಂದು ಖಾಕಿಯಲ್ಲೇ ತಂಗಿಯ ಎದುರಿಗೆ ಕೂತೆ.

“ನಿಮ್ಮ ಅತ್ತಿಯಾರಿಗೆ ಎಲ್ಲಾ ಗೊತ್ತೈತಿ. ಮದುವಿಗಿಂತ ಮೊದಲ ಗೊತ್ತಿತ್ತಂತ,” ಅಂದೆ.

ಅವಳ ಮುಖ ಬಿಳಿಚಿತು. ಅಳುತ್ತಾಳೆ, ನನ್ನ ಕೈ ಹಿಡಿಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

“ನೀ ಹೇಳಿದಿ?”

“ನಾ ಯಾಕ ಹೇಳ್ಲಿ?”

“ನಿನಗ ಹೊಟ್ಟಿಕಿಚ್ಚು. ನಿನ್ನ ಲಗ್ನ ಆಗಲಿಲ್ಲ, ಅದಕ್ಕ. ಅವ್ವಾ, ನೋಡು, ಈಕಿ ಹೋಗಿ ಹೇಳ್ಯಾಳ!”

ಅವ್ವ ಉಂಡಿ ಕಟ್ಟುವ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ. ಅವಳು ನಂಬಿಬಿಟ್ಟಿದ್ದಳು. ನಾನು ಎದ್ದೆ. ಅವರಿಬ್ಬರ ಎದುರಿಗೆ ಮಾತು ಬೆಳೆಸಿ ನಾನು ನಿರಪರಾಧಿ ಎಂದು ತೋರಿಸಬೇಕೆಂದು ನನಗೆ ಅನ್ನಿಸಲಿಲ್ಲ. ದಣಿದಿದ್ದೆ.

ಮರುವಾರ ಘಟಪ್ರಭೆಯಲ್ಲಿ ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಹಿಡಿದೆ. ಅವ್ವನಿಗೆ ತಿಂಗಳ ಖರ್ಚು ತಪ್ಪಿಸಿಲ್ಲ, ಹದಿನೈದು ದಿನಕ್ಕೊಮ್ಮೆ ಹೋಗಿ ಔಷಧಿ ಕೊಟ್ಟು ಬರುತ್ತೇನೆ. ಊಟ ಮಾಡು ಅನ್ನುತ್ತಾಳೆ, ಮಾಡುತ್ತೇನೆ. ಆ ವಿಷಯ ಇಬ್ಬರೂ ಎತ್ತುವುದಿಲ್ಲ. ಡ್ರೈವರ್ ಅಣ್ಣನವರಿಗೆ ಮದುವೆಯ ಕಾರ್ಡು ಕೊಡದ ಕಾರಣ ಹೇಳಿ ತಪ್ಪಾಯಿತೆಂದೆ. ಅವರು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು, “ನಿಮ್ಮಪ್ಪಗ ಇದು ತಿಳೀಬಾರದಾಗಿತ್ತು, ತಿಳೀಲಿಲ್ಲ. ಛಲೋ ಆತು ಬಿಡವಾ,” ಅಂದರು.

ಖಾಕಿಯ ಸುಖ ತಿರುಗಿ ಬಂತು, ಆದರೆ ಪೂರ್ತಿಯಾಗಿ ಅಲ್ಲ. ಒಂದು ಮುಂಜಾನೆ ದಾರಿಯ ಹಳ್ಳಿಯೊಂದರ ಮುದುಕಿ, ಕೂರಲು ಜಾಗವಿಲ್ಲದೆ, ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದು ಕೈಯಿಂದ ನನ್ನ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು. ಬಸ್ಸು ಹೊರಳಿದಾಗೆಲ್ಲ ಆ ಬಟ್ಟೆಯನ್ನೇ ನಂಬಿ ಜೋಲುತ್ತಿದ್ದಳು. ಅವಳ ಊರು ಬರುವವರೆಗೆ ನಾನು ಅಲ್ಲಾಡದೆ ನಿಂತೆ. ಅಂಗಿ ಮತ್ತೆ ಮೈಗೆ ಹೊಂದಿದ್ದು ಅವತ್ತು.

ತಂಗಿ ಈಗ ನನ್ನ ಬಸ್ಸು ಹತ್ತುವುದಿಲ್ಲ. ಅವಳಿಗೆ ದಿನ ತುಂಬುತ್ತಿವೆ ಎಂಬ ಸುದ್ದಿಯೂ ನನಗೆ ತಿಳಿದದ್ದು ಮೊನ್ನೆ, ಹುಕ್ಕೇರಿಯಲ್ಲಿ ಹತ್ತಿದ ಅವಳ ಅತ್ತೆಯಿಂದ. ಬಸಿರಿನ ಸುದ್ದಿ ಮೊದಲು ಕೇಳಬೇಕಾದವಳು ನಾನು, ಏಳು ತಿಂಗಳ ಮೇಲೆ ಟಿಕೆಟ್ ಕೊಡುವಾಗ ಕೇಳಿದೆ. ಅವರು ಇಳಿಯುವ ಮುಂದೆ ನನ್ನ ತೋಳು ಮುಟ್ಟಿ, “ಆಕಿಗೆ ಏನರ ಹೇಳ್ಲೇನ್ರಿ?” ಎಂದು ಕೇಳಿದರು.

ಹೇಳಲು ಬಹಳವಿತ್ತು.

“ಏನೂ ಬ್ಯಾಡ್ರಿ,” ಅಂದೆ.

ಅವರು ತಲೆಯಾಡಿಸಿ “ಸಾವಕಾಶ ಹೋಗ್ರಿ,” ಎಂದು ಇಳಿದರು. “ಏನೂ ಬ್ಯಾಡ” ಎಂದ ನನ್ನ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದು ನನಗೆ ಇಲ್ಲಿಯವರೆಗೆ ಅನ್ನಿಸಿಲ್ಲ. ಮುಂದೆ ಅನ್ನಿಸಿದರೆ ಹೇಳಿ ಕಳಿಸಬಹುದು, ಹುಕ್ಕೇರಿಗೆ ನಾನು ದಿನಾ ಎರಡು ಸಲ ಹೋಗುತ್ತೇನೆ.